ಬಳೆಯಿಂದ ಬಟ್ಟಲಿಗೆ: ಬಾಗುವ ಗಾಜಿನ ಅಳತೆ

ಒಡೆದ ಬಳೆಯ ಚೂರುಗಳನ್ನು ಚಿಮಣಿ ಬುಡ್ಡಿಯ ಉರಿಗೆ ಹಿಡಿದು ಬಾಗಿಸಿ, ಒಂದರೊಳಗೊಂದು ಕೊಂಡಿ ಹಾಕಿ ಸರ ಮಾಡುವ ಆಟ ಗೊತ್ತಿರುವವರು ನಮ್ಮ ಕಡೆ ಇನ್ನೂ ಬಹಳ ಮಂದಿ ಇದ್ದಾರೆ. ಚೂರಿನ ಎರಡೂ ತುದಿ ಹಿಡಿದು ನಡುಭಾಗವನ್ನು ಉರಿಗೆ ಒಡ್ಡಿದರೆ ಕೆಲವೇ ಗಳಿಗೆಯಲ್ಲಿ ಅದು ಮೆತ್ತಗಾಗಿ ಮಡಚಿಕೊಳ್ಳುತ್ತದೆ, ತುದಿಗಳು ಒಂದಕ್ಕೊಂದು ತಾಗುತ್ತವೆ. ಈ ಆಟದಲ್ಲಿ ಜಾಣತನವೆಲ್ಲ ಚೂರು ಆರಿಸುವುದರಲ್ಲಿ. ತೀರ ಗಿಡ್ಡ ಚೂರಾದರೆ ಬೆರಳು ಸುಡುತ್ತದೆ, ತುದಿಗಳೂ ಕೂಡುವುದಿಲ್ಲ. ತೀರ ಉದ್ದವಾದರೆ ಕೊಂಡಿ ಸೊಟ್ಟಗಾಗಿ ಸರ ಜೋಲುತ್ತದೆ. ಯಾವ ಚೂರು ಬಾಗಿದ ಮೇಲೆ ಎಷ್ಟಾಗುತ್ತದೆ ಎಂದು ಉರಿಗೆ ಹಿಡಿಯುವ ಮೊದಲೇ ಕಣ್ಣಳತೆಯಲ್ಲಿ ತಿಳಿಯಬೇಕು. ಗಾಜನ್ನು ಭಟ್ಟಿಯಲ್ಲಿಟ್ಟು ಅಚ್ಚಿನೊಳಗೆ ಬಾಗಿಸಿ ಕೂರಿಸುವ ಕಸುಬಿಗೆ ಸ್ಲಂಪಿಂಗ್ ಎನ್ನುತ್ತಾರೆ. ಅದರ ಮೊದಲ ಪ್ರಶ್ನೆಯೂ ಇದೇ: ಇಂಥ ಅಚ್ಚಿಗೆ ಎಷ್ಟು ಗಾಜು ಕೊಯ್ಯಬೇಕು? ಉತ್ತರ ಗಾಜಿನಲ್ಲಿ ಸಿಗುವುದಿಲ್ಲ. ಅದು ಕೂರಲಿರುವ ಜಾಗದಲ್ಲಿ ಸಿಗುತ್ತದೆ.

ಬಾದಾಮಿಯ ಹತ್ತಿರದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ತೇರು ಎಳೆದು ಶುರುವಾಗುವ ಬನಶಂಕರಿ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳ ಡೇರೆಗಳಷ್ಟೇ ಜನ ಸೇರುವ ಇನ್ನೊಂದು ಜಾಗ ಅಲ್ಲಿನ ಬಳೆ ಅಂಗಡಿಗಳ ಸಾಲು. ಅಲ್ಲಿ ಯಾರೂ ಪಟ್ಟಿ ಹಿಡಿದು ಅಳೆಯುವುದಿಲ್ಲ. ಬಳೆಗಾರ ಕೈಯನ್ನು ತನ್ನ ಕೈಗೆ ತೆಗೆದುಕೊಂಡು, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಗೆಣ್ಣುಗಳ ಮೇಲೆ ಒಮ್ಮೆ ಒತ್ತಿ ನೋಡುತ್ತಾನೆ. “ಕೈ ಸಡಲ ಬಿಡವ್ವಾ, ಬಿಗಿ ಹಿಡೀಬ್ಯಾಡ” ಅನ್ನುತ್ತ ಸರಿಯಾದ ಡಜನ್ನನ್ನೇ ಎತ್ತಿಕೊಳ್ಳುತ್ತಾನೆ. ಅವನು ನೋಡಿದ್ದು ಮಣಿಕಟ್ಟನ್ನಲ್ಲ. ಬಳೆ ಕೊನೆಗೆ ಕೂರುವುದು ಮಣಿಕಟ್ಟಿನಲ್ಲಾದರೂ ಅಳತೆ ತೀರ್ಮಾನವಾಗುವುದು ದಾರಿಯಲ್ಲಿ ಬರುವ ಅತಿ ದಪ್ಪ ಜಾಗದಲ್ಲಿ, ಗೆಣ್ಣುಗಳಲ್ಲಿ. ಗಾಜು ಹಿಗ್ಗುವುದಿಲ್ಲವಾದ್ದರಿಂದ ಕೈಯೇ ಹಿಗ್ಗಿ ಕುಗ್ಗಿ ದಾರಿ ಬಿಡಬೇಕು.

ಆ ಡಜನ್ನಿನ ಮೇಲೆ 2-4, 2-6, 2-8 ಎಂದು ಬರೆದಿರುತ್ತದೆ. ಇದನ್ನು ದಶಮಾಂಶ ಎಂದು ಓದಿ ಮೋಸಹೋಗುವವರು ಈಗ ಹೆಚ್ಚಾಗಿದ್ದಾರೆ. ಆನ್‌ಲೈನ್‌ನಲ್ಲಿ ಬಳೆ ತರಿಸುವವರಿಗೆ ಇದು ತಿಳಿದಿರಲೇಬೇಕು. ಹಳೆಯ ರೂಪಾಯಿಗೆ ಹದಿನಾರು ಆಣೆ ಇದ್ದ ಹಾಗೆ ಇಲ್ಲಿ ಇಂಚಿಗೆ ಹದಿನಾರು ಪಾಲು. 2-4 ಅಂದರೆ ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು ಪಾಲು, ಅಂದರೆ ಎರಡೂಕಾಲು ಇಂಚಿನ ಒಳವ್ಯಾಸ, ಸುಮಾರು 57 ಮಿ.ಮೀ. 2-6 ಅಂದರೆ 60 ಮಿ.ಮೀ.ಗೆ ತುಸು ಮೇಲೆ. 2-8 ಅಂದರೆ ಸರಿಯಾಗಿ ಎರಡೂವರೆ ಇಂಚು, 63.5 ಮಿ.ಮೀ. ಆದ್ದರಿಂದ 2-10 ಎಂಬುದು 2-8ಕ್ಕಿಂತ ದೊಡ್ಡದು. 2-4ನ್ನು 2.4 ಇಂಚು ಎಂದುಕೊಂಡರೆ ಲೆಕ್ಕ 61 ಮಿ.ಮೀ.ಗೆ ಹೋಗುತ್ತದೆ. ಸುಮಾರು 4 ಮಿ.ಮೀ. ತಪ್ಪು. ಒಂದು ಅಳತೆಗೂ ಮುಂದಿನ ಅಳತೆಗೂ ಇರುವ ಅಂತರವೇ 3 ಮಿ.ಮೀ. ಚಿಲ್ಲರೆಯಾದ್ದರಿಂದ ಇದು ಒಂದು ಪೂರ್ತಿ ಅಳತೆಗಿಂತ ಹೆಚ್ಚಿನ ತಪ್ಪು. ಮನೆಯಲ್ಲಿ ಅಳೆಯಬೇಕೆಂದರೆ ಹೆಬ್ಬೆರಳು ಮಡಚಿದ ಕೈಯ ಗೆಣ್ಣುಗಳ ಸುತ್ತ ದಾರ ಸುತ್ತಿ, ಅದರ ಉದ್ದವನ್ನು 3.14ರಿಂದ ಭಾಗಿಸಿದರೆ ಸಾಕು. ದಾರ 19 ಸೆಂ.ಮೀ. ಬಂದರೆ 2-6 ಕೈಗೆ ಆಗುತ್ತದೆ.

ಈ ಬಳೆಗಳಲ್ಲಿ ಹೆಚ್ಚಿನವು ಉತ್ತರ ಪ್ರದೇಶದ ಫಿರೋಜಾಬಾದಿನಿಂದ ಬರುವಂಥವು. ಅಲ್ಲಿ ಕರಗಿದ ಗಾಜನ್ನು ನೂಲಿನಂತೆ ಎಳೆದು, ತಿರುಗುತ್ತಿರುವ ಉರುಳೆಯ ಮೇಲೆ ಸುರುಳಿ ಸುತ್ತುತ್ತಾರೆ. ಆ ಉರುಳೆಯ ದಪ್ಪವೇ ಬಳೆಯ ಅಳತೆ. ಸುರುಳಿಯನ್ನು ಉದ್ದಕ್ಕೆ ಕೊಯ್ದಾಗ ಬಾಯಿ ಬಿಟ್ಟ ಬಳೆಗಳು ಸಿಗುತ್ತವೆ. ಸುರುಳಿಯ ಓರೆಯಿಂದಾಗಿ ಒಂದು ತುದಿ ಮೇಲೆ, ಒಂದು ತುದಿ ಕೆಳಗೆ ಇರುವ ಅವನ್ನು ಉರಿಯಲ್ಲಿ ನೆಟ್ಟಗೆ ಮಾಡಿ, ಮತ್ತೆ ಉರಿಯಲ್ಲೇ ತುದಿಗಳನ್ನು ಬೆಸೆಯುತ್ತಾರೆ. ಬಳೆಯ ಮೇಲೆ ಕೈಯಾಡಿಸಿದರೆ ಸಿಗುವ ಸಣ್ಣ ಗಂಟು ಆ ಬೆಸುಗೆ.

ಕರ್ನಾಟಕದ ಹಳೆಯ ಬಳೆಗೆ ಆ ಗಂಟು ಇರಲಿಲ್ಲ. ಈಗಿನ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿತ್ತು. 1800–01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಕುಲುಮೆಯನ್ನು ನೋಡಿ ವಿವರವಾಗಿ ಬರೆದಿದ್ದಾನೆ. ಊರ ಕೋಟೆಗೋಡೆಯ ಒಳಮಗ್ಗುಲಿಗೆ ಕಟ್ಟಿದ ಭಟ್ಟಿ, ಸವುಳು ಮಣ್ಣಿನಿಂದ ತೆಗೆದ ಕ್ಷಾರ, ಬಿಳಿ ಬೆಣಚುಕಲ್ಲಿನ ಪುಡಿ, ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂಬ ಐದು ಬಣ್ಣ. ಬೆಸುಗೆಯಿಲ್ಲದ ಬಳೆ ಮಾಡುವ ಹಳೆಯ ಪದ್ಧತಿಯಲ್ಲಿ ಬಿಸಿ ಗಾಜಿನ ಮುದ್ದೆಗೆ ಕಬ್ಬಿಣದ ಸಲಾಕೆಯಿಂದ ತೂತು ಮಾಡಿ, ಅದನ್ನು ಸುಟ್ಟ ಮಣ್ಣಿನ ಶಂಕುವಿನ ಮೇಲೇರಿಸಿ ತಿರುಗಿಸುತ್ತಿದ್ದರು. ಶಂಕು ಮೇಲೆ ಸಣ್ಣ, ಕೆಳಗೆ ದಪ್ಪ. ಉಂಗುರ ಕೆಳಗಿಳಿದಷ್ಟೂ ದೊಡ್ಡದಾಗುತ್ತದೆ. ಮಗುವಿನ ಬಳೆ, ದೊಡ್ಡವರ ಬಳೆ ಎಲ್ಲಕ್ಕೂ ಅದೊಂದೇ ಅಚ್ಚು. ಎಲ್ಲಿ ನಿಲ್ಲಿಸಬೇಕು ಎಂಬುದು ಕೈಗೆ ಗೊತ್ತು. ಈ ಮಣ್ಣಿನ ಶಂಕು ನನಗೆ ನಮ್ಮ ನೆಲದ ಅತಿ ಚೆಂದದ ಉಪಕರಣಗಳಲ್ಲಿ ಒಂದು ಎನಿಸುತ್ತದೆ. ಅಳತೆಪಟ್ಟಿಯೂ ಅಚ್ಚೂ ಅದರಲ್ಲಿ ಒಂದೇ ಆಗಿವೆ.

ಬಳೆ ಕಾಣದವರಿಲ್ಲ, ನಿಜ. ಆದರೆ ಚಪ್ಪಟೆ ಹಾಳೆಯಿಂದ ಬಾಗಿಸಿದ ಗಾಜು ನಮ್ಮಲ್ಲೆಲ್ಲಿ ಎಂದು ಕೇಳಬಹುದು. ಬಾಗಲಕೋಟೆಯಿಂದ ಹುನಗುಂದದ ಕಡೆ ಹೋಗುವ ಬಸ್ಸಿನ ಮುಂಭಾಗ ನೋಡಿ, ಇಳಕಲ್ಲದಿಂದ ಗ್ರಾನೈಟ್ ಹೊತ್ತು ಹೊರಟ ಲಾರಿಯ ಮುಂದೆ ನಿಂತು ನೋಡಿ. ಬಾಗಿದ ಆ ದೊಡ್ಡ ಗಾಜನ್ನು ಮಾಡುವ ಪ್ರಧಾನ ವಿಧಾನಗಳಲ್ಲಿ ಒಂದು ಸ್ಲಂಪಿಂಗ್. ಎರಡು ಗಾಜಿನ ಹಾಳೆಗಳನ್ನು ಕೊಯ್ದು, ಅಂಚು ತೇಯ್ದು, ನಡುವೆ ಅಂಟದಂಥ ಪುಡಿ ಉದುರಿಸಿ, ಒಂದರ ಮೇಲೊಂದಿಟ್ಟು ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಮಲಗಿಸುತ್ತಾರೆ. ಚೌಕಟ್ಟು ಅಂಚನ್ನಷ್ಟೇ ಹಿಡಿದಿರುತ್ತದೆ, ನಡುವೆ ಬಯಲು. ಭಟ್ಟಿಯೊಳಗೆ 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಎರಡೂ ಹಾಳೆಗಳು ತಮ್ಮ ಭಾರಕ್ಕೇ ಜೊತೆಯಾಗಿ ಜಗ್ಗುತ್ತವೆ. ಆಮೇಲೆ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಒತ್ತಿ ಅಂಟಿಸುತ್ತಾರೆ. ಕಲ್ಲು ಬಡಿದರೂ ಚೂರು ಚೆಲ್ಲದೆ ಜೇಡರಬಲೆಯಂತೆ ಬಿರುಕು ಬಿಟ್ಟು ನಿಲ್ಲುವುದು ಆ ಪದರದಿಂದ. ಹೊರಗಿನ ಬಾಗು ಒಳಗಿನ ಬಾಗಿಗಿಂತ ತುಸು ಉದ್ದ. ಆದ್ದರಿಂದ ಎರಡೂ ಹಾಳೆಗಳನ್ನು ಒಂದೇ ಅಳತೆಗೆ ಕೊಯ್ದರೆ ಬಾಗಿದ ಮೇಲೆ ಅಂಚು ಕೂಡುವುದಿಲ್ಲ. ಬಾಗಿದ ಮೇಲಿನ ಲೆಕ್ಕವನ್ನು ಚಪ್ಪಟೆಯಾಗಿದ್ದಾಗಲೇ ಹಾಕಿರಬೇಕು.

ಈಗ ಬಟ್ಟಲಿಗೆ ಬರೋಣ. ಒಬ್ಬರೇ ಕೂತು, ಸಣ್ಣ ವಿದ್ಯುತ್ ಭಟ್ಟಿಯಲ್ಲಿ ಮಾಡಬಹುದಾದ ಕೆಲಸವಿದು.

ಗಾಜಿಗೆ ಮಂಜುಗಡ್ಡೆಗಿರುವಂತೆ ಇಂಥ ಡಿಗ್ರಿಯಲ್ಲಿ ಕರಗುತ್ತದೆ ಎಂಬ ಬಿಂದುವಿಲ್ಲ. ಬಿಸಿ ಏರಿದಷ್ಟೂ ಅದು ಸ್ವಲ್ಪಸ್ವಲ್ಪವಾಗಿ ಸಡಿಲಾಗುತ್ತ ಹೋಗುತ್ತದೆ. ಕಿಟಕಿಗೆ ಹಾಕುವ ಸಾಮಾನ್ಯ ಗಾಜು 500 ಡಿಗ್ರಿಯವರೆಗೂ ಗಟ್ಟಿ. 550ರ ಸುಮಾರಿಗೆ ಒಳಗಿನ ಬಿಗುವು ಸಡಿಲಾಗತೊಡಗುತ್ತದೆ. 700 ದಾಟಿ 730, 750ರ ನಡುವೆ ತನ್ನ ಭಾರಕ್ಕೆ ತಾನೇ ಅಚ್ಚಿನೊಳಗೆ ಇಳಿಯುತ್ತದೆ. 820ರ ಮೇಲೆ ಹೋದರೆ ಎರಡು ತುಂಡು ಕರಗಿ ಒಂದಾಗುತ್ತವೆ. ಸ್ಲಂಪಿಂಗ್ ಎಂದರೆ ಕರಗಿಸುವುದಲ್ಲ, ಬಾಗಿಸುವುದು. ಗಾಜು ಹೆಚ್ಚುಕಡಿಮೆ ತನ್ನ ಉದ್ದ, ಅಗಲ, ದಪ್ಪವನ್ನು ಉಳಿಸಿಕೊಂಡೇ ಆಕಾರ ಬದಲಿಸುತ್ತದೆ. ಅಳತೆಯ ಲೆಕ್ಕವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ತವೆಯಿಂದ ಇಳಿಸಿದ ಬಿಸಿ ಜೋಳದ ರೊಟ್ಟಿಯನ್ನು ಅದರಷ್ಟೇ ಅಗಲದ ಬಾಯಿಯ ಬಟ್ಟಲಿನ ಮೇಲೆ ಹಾಕಿದರೆ ನಡುಭಾಗ ಜಗ್ಗುತ್ತದೆ, ಅಂಚು ಬಟ್ಟಲಿನ ಬಾಯಿಯಿಂದ ಒಳಕ್ಕೆ ಸರಿಯುತ್ತದೆ. ಗಾಜೂ ಹಾಗೆಯೇ. ಬಾಯಿಯ ಅಗಲಕ್ಕಿಂತ ಒಳಗಿನ ಬಾಗಿನ ಉದ್ದ ಯಾವಾಗಲೂ ಹೆಚ್ಚು. ಎಷ್ಟು ಹೆಚ್ಚು ಎಂಬುದು ಆಳದ ಮೇಲೆ ನಿಂತಿದೆ. ಒಂದು ಉದಾಹರಣೆ. ಬಾಯಿ 240 ಮಿ.ಮೀ., ಆಳ 40 ಮಿ.ಮೀ. ಇರುವ, ಒಳಗೆ ಒಂದೇ ಹದದ ಗೋಳಬಾಗು ಇರುವ ಅಚ್ಚು. ಅರ್ಧ ಬಾಯಿಯ ವರ್ಗಕ್ಕೆ ಆಳದ ವರ್ಗ ಕೂಡಿಸಿ, ಆಳದ ಎರಡರಷ್ಟರಿಂದ ಭಾಗಿಸಿದರೆ ಆ ಬಾಗಿನ ತ್ರಿಜ್ಯ ಸಿಗುತ್ತದೆ. 14,400ಕ್ಕೆ 1,600 ಕೂಡಿಸಿ 80ರಿಂದ ಭಾಗಿಸಿದರೆ 200 ಮಿ.ಮೀ. ಆ ತ್ರಿಜ್ಯದಲ್ಲಿ ಒಂದು ಅಂಚಿನಿಂದ ತಳದ ಮೂಲಕ ಇನ್ನೊಂದು ಅಂಚಿಗೆ ಒಳಮೈಯ ಉದ್ದ ಸುಮಾರು 257 ಮಿ.ಮೀ. ಲೆಕ್ಕ ಬೇಡವೆಂದರೆ ಕಾಗದದ ತೆಳುಪಟ್ಟಿಯನ್ನು ಅಚ್ಚಿನೊಳಗೆ ಮೈಗೆ ತಾಗಿಸಿ ಹಾಸಿ ಅಳೆದರೂ ಅಷ್ಟೇ ಬರುತ್ತದೆ.

ಹಾಗಾದರೆ 257 ಮಿ.ಮೀ. ಬಿಲ್ಲೆ ಕೊಯ್ದರೆ ಬಟ್ಟಲಿನ ಅಂಚು ಅಚ್ಚಿನ ಅಂಚಿಗೆ ಸರಿಯಾಗುತ್ತದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಕಾಗದದ ಮೇಲೆ ಸರಿ, ಭಟ್ಟಿಯಲ್ಲಿ ಅಪಾಯ. ಶುರುವಿನಲ್ಲಿ ಆ ಬಿಲ್ಲೆ ಸುತ್ತಲೂ ಎಂಟು ಮಿ.ಮೀ.ಗಿಂತ ಹೆಚ್ಚು ಹೊರಚಾಚಿರುತ್ತದೆ. ಬಿಸಿಗೆ ನಡುಭಾಗ ಒಳಕ್ಕೆ ಜಗ್ಗುವಾಗಲೇ ಹೊರಚಾಚಿದ ಅಂಚು ಹೊರಕ್ಕೆ ಬಾಗಿ ಅಚ್ಚಿನ ತುಟಿಯನ್ನು ಕಚ್ಚಿಕೊಳ್ಳಬಹುದು. ಕಚ್ಚಿಕೊಂಡರೆ ಕೆಡುಕಾಗುವುದು ಆರುವಾಗ. ಕಿಟಕಿ ಗಾಜು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 9 ಪಾಲು ಹಿಗ್ಗುತ್ತದೆ, ಅಚ್ಚಿನ ಸುಟ್ಟ ಮಣ್ಣು 5ರಿಂದ 6 ಪಾಲು. ಆರುವಾಗ ಗಾಜು ಮಣ್ಣಿಗಿಂತ ಹೆಚ್ಚು ಕುಗ್ಗುತ್ತದೆ. 240 ಮಿ.ಮೀ. ಅಗಲದಲ್ಲಿ 500 ಡಿಗ್ರಿ ಇಳಿದರೆ ಈ ವ್ಯತ್ಯಾಸ ಅರ್ಧ ಮಿ.ಮೀ.ಗೂ ಕಡಿಮೆ. ಗಟ್ಟಿಯಾದ ಗಾಜಿಗೆ ಅಷ್ಟೇ ಸಾಕು. ಹೊರತುಟಿ ಕಚ್ಚಿದ ಗಾಜು ಕುಗ್ಗಲು ಹೋಗಿ, ಮಣ್ಣು ಬಿಡದೆ, ಬಿರಿಯುತ್ತದೆ. ಅಚ್ಚಿನೊಳಗೇ ಇರುವ ಗಾಜಾದರೆ ಕುಗ್ಗಿ ಅಚ್ಚಿನಿಂದ ತಾನಾಗಿ ಬಿಡಿಸಿಕೊಳ್ಳುತ್ತದೆ. ಮಣ್ಣಿನ ಅಚ್ಚಿನ ಒಳಗೆ ಗಾಜು, ಉಕ್ಕಿನ ಅಚ್ಚಿನ ಮೇಲೆ ಗಾಜು ಎಂಬ ಕಸುಬಿನ ನಿಯಮ ಹುಟ್ಟಿದ್ದು ಇಲ್ಲಿಂದಲೇ. ಸ್ಟೇನ್‌ಲೆಸ್ ಉಕ್ಕು 17 ಪಾಲಿನಷ್ಟು ಹಿಗ್ಗುವುದರಿಂದ ಆರುವಾಗ ಗಾಜಿಗಿಂತ ಬೇಗ ಕುಗ್ಗಿ ಒಳಗಿನಿಂದ ಕಳಚಿಕೊಳ್ಳುತ್ತದೆ.

ಆದ್ದರಿಂದ ಬಿಲ್ಲೆಯನ್ನು ಅಚ್ಚಿನ ಬಾಯಿಯ ಅಳತೆಗೇ ಕೊಯ್ಯಬೇಕು, ಅಥವಾ ವ್ಯಾಸದಲ್ಲಿ ಎರಡು ಮೂರು ಮಿ.ಮೀ. ಕಡಿಮೆ. ತುಟಿಗೆ ಸಮತಟ್ಟಾದ ಅಗಲವಿದ್ದರೆ ಅದರ ಒಳಅಂಚಿನ ಮೇಲೆ ಗಾಜು ಸುತ್ತಲೂ ಆನಿಕೊಂಡಿರಬೇಕು. ತೀರ ಸಣ್ಣದಾದರೆ ಬಿಲ್ಲೆ ಬಿಸಿಯಾಗುವ ಮೊದಲೇ ಒಳಗೆ ಜಾರಿ ಓರೆಯಾಗಿ ಕೂರುತ್ತದೆ, ಬಟ್ಟಲೂ ಓರೆಯಾಗಿಯೇ ಹೊರಬರುತ್ತದೆ. ಬಾಯಿಯ ಅಳತೆಗೆ ಕೊಯ್ದ 240 ಮಿ.ಮೀ. ಬಿಲ್ಲೆ ಮೇಲಿನ ಅಚ್ಚಿನಲ್ಲಿ ಪೂರ್ತಿ ಕೂತ ಮೇಲೆ ಅದರ ಅಗಲ ಸುಮಾರು 226 ಮಿ.ಮೀ. ಆಗುತ್ತದೆ, ಅಂಚು ಅಚ್ಚಿನ ತುಟಿಗಿಂತ 5 ಮಿ.ಮೀ. ಕೆಳಗೆ ನಿಲ್ಲುತ್ತದೆ. ಇದು ದೋಷವಲ್ಲ. 226 ಮಿ.ಮೀ.ನ ಬಟ್ಟಲು ಬೇಕಾದವರು 240ರ ಅಚ್ಚು ಆರಿಸಬೇಕು ಅಷ್ಟೆ. ಆಳವಾದ ಅಚ್ಚಿಗೆ ಈ ಅಂತರ ಬೇಗ ಬೆಳೆಯುತ್ತದೆ. ಹೊಸಬರು ಅಗಲವಾದ, ಆಳವಿಲ್ಲದ ಅಚ್ಚಿನಿಂದ ಶುರುಮಾಡಬೇಕೆನ್ನುವುದು ಇದಕ್ಕೇ.

ಇದೇ ಲೆಕ್ಕ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. ನಡುವಿನಿಂದ ಅಳೆದಾಗ ಅಂಚು 120ರಿಂದ 113ಕ್ಕೆ ಬಂತು ಎಂದರೆ ಅದು ತುಟಿಯ ಮೇಲಿಂದ ಒಳಕ್ಕೆ ಏಳು ಮಿ.ಮೀ. ಉಜ್ಜಿಕೊಂಡು ಜಾರಿದೆ. ಒಂದು ಕಡೆ ಅಂಚು ಚೂಪಾಗಿ ಉಳಿದಿದ್ದರೆ, ಇಲ್ಲವೇ ಅಚ್ಚಿಗೆ ಬಳಿದ ಲೇಪ ಗುಳ್ಳೆಗಟ್ಟಿದ್ದರೆ ಆ ಕಡೆ ಜಾರುವುದು ತಡವಾಗುತ್ತದೆ, ಎದುರು ಕಡೆ ಮುಂದಾಗುತ್ತದೆ. ಬಟ್ಟಲು ಓರೆಯಾಯಿತೆಂದು ಭಟ್ಟಿಯನ್ನು ದೂರುವ ಮೊದಲು ಅಂಚಿನ ಮೇಲೆ ಬೆರಳಾಡಿಸಿ ನೋಡಬೇಕು. ಅಚ್ಚಿನ ಮೇಲೆ ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡುವುದೂ ಅಷ್ಟೇ ಮುಖ್ಯ.

ಕೊಯ್ಯುವಾಗಿನ ಸಣ್ಣ ಲೆಕ್ಕಗಳನ್ನು ಗಾಜಿನ ಅಂಗಡಿಯವರು ಹೇಳದೆಯೇ ಮಾಡುತ್ತಾರೆ. ಕಟರ್‌ನ ಚಕ್ರ ಪಟ್ಟಿಯ ಅಂಚಿಗೆ ತಾಗಿ ಓಡುವುದಿಲ್ಲ, ಎರಡು ಮೂರು ಮಿ.ಮೀ. ದೂರದಲ್ಲಿ ಓಡುತ್ತದೆ. ಆ ದೂರವನ್ನು ಬಿಟ್ಟೇ ಪಟ್ಟಿ ಇಡಬೇಕು. ಆಮೇಲೆ ಅಂಚು ತೇಯುವಾಗ ಒಂದೊಂದು ಬದಿಗೆ ಅರ್ಧ, ಒಂದು ಮಿ.ಮೀ. ಹೋಗುತ್ತದೆ. ದುಂಡಗಿರದ ಅಚ್ಚಾದರೆ ರಟ್ಟಿನಲ್ಲಿ ಮಾದರಿ ಕತ್ತರಿಸಿ ಅಚ್ಚಿನ ಬಾಯಿಗೆ ಹಿಡಿದು ನೋಡಿ, ಆಮೇಲೆ ಗಾಜಿಗೆ ಕೈ ಹಾಕಬೇಕು. ಕೈಯಿಂದ ಮಾಡಿದ ಮಣ್ಣಿನ ಅಚ್ಚು ಪೂರ್ತಿ ದುಂಡಗಿರುವುದು ಅಪರೂಪ. ಎರಡು ಮೂರು ಕಡೆ ಅಳೆದು ಅತಿ ಕಿರಿದಾದ ಅಳತೆಯನ್ನೇ ಹಿಡಿಯುವುದು ಕ್ಷೇಮ.

ತುಂಡುಗಳನ್ನು ಜೋಡಿಸಿ ಕರಗಿಸಿ ಒಂದು ಮಾಡಿ, ಆಮೇಲೆ ಬಾಗಿಸುವವರಿಗೆ ಇನ್ನೊಂದು ಕಿವಿಮಾತು. ಕರಗುವ ಬಿಸಿಯಲ್ಲಿ ಗಾಜು ಸುಮಾರು 6 ಮಿ.ಮೀ. ದಪ್ಪಕ್ಕೆ ಬರಲು ಹವಣಿಸುತ್ತದೆ. 3 ಮಿ.ಮೀ.ನ ಒಂದೇ ಪದರವಾದರೆ ಅಂಚು ಒಳಕ್ಕೆ ಸೇದಿಕೊಂಡು ಬಿಲ್ಲೆ ಕಿರಿದಾಗುತ್ತದೆ. ಎರಡು ಪದರವಾದರೆ ಅಳತೆ ಬಹುಮಟ್ಟಿಗೆ ಉಳಿಯುತ್ತದೆ. ಮೂರು ಪದರವಾದರೆ ಹೊರಕ್ಕೆ ಹರಿದು ಅಗಲವಾಗುತ್ತದೆ. ಹಾಗಾಗಿ ಅಚ್ಚಿಗೆ ಹೊಂದಿಸಬೇಕಾದುದು ಕರಗಿದ ಮೇಲಿನ ಅಳತೆಯನ್ನು, ಕೊಯ್ದಾಗಿನ ಅಳತೆಯನ್ನಲ್ಲ. ಕರಗಿಸಿ ಆರಿಸಿ ಹೊರತೆಗೆದ ಬಿಲ್ಲೆಯನ್ನು ಮತ್ತೆ ಅಳೆದು, ಬೇಕಾದರೆ ಮತ್ತೆ ತೇಯ್ದು, ಆಮೇಲೆ ಅಚ್ಚಿನ ಮೇಲಿಡಬೇಕು.

ಯಾವ ಗಾಜು ಎಂಬುದರಲ್ಲಿ ಎಚ್ಚರ ಬೇಕು. ಕಿಟಕಿ, ಕಪಾಟಿಗೆ ಹಾಕುವ ಸಾದಾ ಗಾಜಿನ ಅಂಗಡಿ ಚೂರು ಆಗುತ್ತದೆ. ಗಾಡಿಯ ಪಕ್ಕದ ಕಿಟಕಿಯ ಗಾಜು ಬಿಗುವು ತುಂಬಿ ಗಟ್ಟಿಮಾಡಿದ್ದು, ಕಟರ್ ತಾಗಿಸಿದರೆ ಪುಡಿಪುಡಿ. ಮುಂಭಾಗದ ಗಾಜಿನ ನಡುವಿನ ಪ್ಲಾಸ್ಟಿಕ್ ಭಟ್ಟಿಯಲ್ಲಿ ಸುಟ್ಟು ಹೊಗೆಯಾಗುತ್ತದೆ. ಕಿಟಕಿ ಗಾಜಿನ ಮೇಲೆ ಬಣ್ಣದ ಬಳೆಚೂರು ಕರಗಿಸಿ ಬಟ್ಟಲು ಮಾಡಿದರೆ ಚೆಂದವಲ್ಲವೇ ಎಂದು ಆಸೆಯಾಗುವುದು ಸಹಜ. ಎರಡು ಗಾಜುಗಳ ಹಿಗ್ಗು ಬೇರೆಯಾದರೆ ಆರುವಾಗಲೋ, ತಿಂಗಳ ನಂತರವೋ ಬಿರುಕು ಬರುತ್ತದೆ. ಬಣ್ಣದಲ್ಲಿ ಏನಿದೆ ಎಂದು ತಿಳಿಯದ ಚೂರನ್ನು ಊಟದ ಪಾತ್ರೆಗೆ ಬಳಸಲೇಬಾರದು.

ಅಚ್ಚು ಯಾವುದರದು? ಇಳಕಲ್ಲದ ಕೆಂಪು ಗ್ರಾನೈಟ್, ಬಾದಾಮಿಯ ಮರಳುಗಲ್ಲು, ಕೈಚಾಚಿದಲ್ಲೆಲ್ಲ ಕಲ್ಲಿರುವ ಜಿಲ್ಲೆ ನಮ್ಮದು. ಕಲ್ಲು ಕೆತ್ತಿ ಅಚ್ಚು ಮಾಡಬಹುದಲ್ಲ ಎನಿಸಿದರೆ ಬೇಡ. ಎರಡರಲ್ಲೂ ಬೆಣಚು ತುಂಬಿದೆ. 573 ಡಿಗ್ರಿಯಲ್ಲಿ ಬೆಣಚಿನ ಹರಳಿನ ಕಟ್ಟೇ ಬದಲಾಗಿ ಅದು ಥಟ್ಟನೆ ಉಬ್ಬುತ್ತದೆ. ಗಾಜು ಬಾಗಬೇಕಾದರೆ ಆ ಬಿಸಿಯನ್ನು ದಾಟಲೇಬೇಕು. ಹೋಗುವಾಗೊಮ್ಮೆ, ಬರುವಾಗೊಮ್ಮೆ ದಾಟಿದ ಕಲ್ಲು ಒಳಗೊಳಗೇ ಬಿರುಕು ಬಿಡುತ್ತದೆ, ಸಿಡಿಯಲೂಬಹುದು. ಇಲ್ಲಿ ಗೆಲ್ಲುವುದು ಕುಂಬಾರರ ಮಣ್ಣು. ಒಮ್ಮೆ ಸುಟ್ಟ, ಮೆರುಗು ಹಾಕದ, ಬಾಯಿ ಅಗಲವಾಗಿ ಬದಿ ಹೊರಚಾಚಿದ ಪರಾತದಂಥ ಮಣ್ಣಿನ ಪಾತ್ರೆ ಒಳ್ಳೆಯ ಅಚ್ಚಾಗುತ್ತದೆ. ತಳದಲ್ಲಿ ಗಾಳಿ ಹೋಗಲು ಒಂದೆರಡು ಸಣ್ಣ ತೂತು ಬೇಕು, ಇಲ್ಲದಿದ್ದರೆ ಸಿಕ್ಕಿಕೊಂಡ ಗಾಳಿ ಗಾಜನ್ನು ತಳಕ್ಕೆ ಕೂರಗೊಡುವುದಿಲ್ಲ. ಅಲ್ಯುಮಿನಾ ಮತ್ತು ಬಿಳಿಮಣ್ಣಿನ ತೆಳು ಲೇಪ ಬಳಿದು ಪೂರ್ತಿ ಒಣಗಿಸಿದರೆ ಗಾಜು ಅಂಟುವುದಿಲ್ಲ. ಇಂಥ ಮಣ್ಣಿನ, ಭಟ್ಟಿಯ ತಿಳಿವಳಿಕೆ ಬೇಕಾದವರಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿರುವ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ದೂರವೇನಲ್ಲ.

ಬಿಸಿ ಏರಿಸುವುದು ನಿಧಾನವಾಗಿರಲಿ. ಗಂಟೆಗೆ 150 ಡಿಗ್ರಿಯಂತೆ 550 ದಾಟಿಸಿ, ಆಮೇಲೆ 730ರ ಕಡೆ ಹೋಗಬೇಕು. ಅಲ್ಲಿ ಗಡಿಯಾರಕ್ಕಿಂತ ಭಟ್ಟಿಯ ಇಣುಕುಕಿಂಡಿಯನ್ನು ನಂಬಬೇಕು. ಅಗಲವಾದ ಅಚ್ಚಿನಲ್ಲಿ ಗಾಜು ಬೇಗ ಇಳಿಯುತ್ತದೆ, ಕಿರಿದಾದ ಅಚ್ಚಿನಲ್ಲಿ ಅದೇ ಗಾಜಿಗೆ ಹೆಚ್ಚು ಬಿಸಿ ಅಥವಾ ಹೆಚ್ಚು ಹೊತ್ತು ಬೇಕು. ನಡುಭಾಗ ತಳ ಮುಟ್ಟಿ ಬದಿಗಳು ಮೈಗೆ ಕೂತ ಕೂಡಲೇ ಬಿಸಿ ಇಳಿಸಿ, 550ರ ಸುಮಾರಿನಲ್ಲಿ 6 ಮಿ.ಮೀ. ದಪ್ಪಕ್ಕೆ ಒಂದು ಗಂಟೆಯಷ್ಟು ನಿಲ್ಲಿಸಿ, ಅಲ್ಲಿಂದ ಮೆಲ್ಲಗೆ ಆರಲು ಬಿಡಬೇಕು. ಒಳಗಿನ ಬಿಗುವು ಹೋಗುವುದು ಈ ಹೊತ್ತಿನಲ್ಲಿ. ಇದನ್ನು ಅವಸರಿಸಿದ ಬಟ್ಟಲು ಕಪಾಟಿನಲ್ಲಿ ಯಾರೂ ಮುಟ್ಟದೆಯೇ ಒಡೆಯಬಲ್ಲದು.

ಹೊಸ ಅಚ್ಚಿಗೆ ಮೊದಲ ಸಲ ಒಳ್ಳೆಯ ಗಾಜು ಇಡಬಾರದು. ಅಂಗಡಿಯ ಕಸದ ಡಬ್ಬಿಯಲ್ಲಿ ಸಿಗುವ ಸಾದಾ ಚೂರಿನಿಂದ ಒಂದು ಬಿಲ್ಲೆ ಕೊಯ್ದು ಅದರ ವ್ಯಾಸ, ದಪ್ಪ, ಮುಟ್ಟಿದ ಬಿಸಿ, ನಿಂತ ಹೊತ್ತನ್ನು ಬರೆದಿಡಬೇಕು. ಹೊರಬಂದ ಬಟ್ಟಲಿನ ಬಾಯಿ, ಆಳ ಅಳೆದು ಅದರ ಪಕ್ಕದಲ್ಲೇ ಬರೆಯಬೇಕು. ಮುಂದಿನ ಬಿಲ್ಲೆಯನ್ನು ಎರಡು ಮಿ.ಮೀ. ಹೆಚ್ಚು ಮಾಡಬೇಕೋ ಕಡಿಮೆ ಮಾಡಬೇಕೋ ಎಂಬುದು ಆ ಎರಡು ಸಾಲುಗಳಿಂದಲೇ ತಿಳಿಯುತ್ತದೆ. ಅಚ್ಚಿನ ಹಿಂಬದಿಯಲ್ಲಿ ಸರಿಯಾದ ವ್ಯಾಸವನ್ನು ಪೆನ್ಸಿಲ್‌ನಿಂದ ಬರೆದಿಟ್ಟರೆ ಬಿಸಿಗೆ ಅಳಿಸಿಹೋಗುತ್ತದೆ. ಮೊಳೆಯ ತುದಿಯಿಂದ ಗೀರಿ ಬರೆಯಬೇಕು.